ಅರಿಕುಠಾರದ ಮಗು ಮತ್ತು ಆಮೇಲಿನ ಮೂವರು

ನಂಜನಗೂಡಿನಿಂದ ಹೊರಟ ರೈಲು ಬದನಗುಪ್ಪೆ ನಿಲ್ದಾಣ ದಾಟಿತೆಂದರೆ ಚಾಮರಾಜನಗರ ಬಂದಂತೆಯೇ. ಈ ಊರಿನ ಹಳೆಯ ಹೆಸರು ಅರಿಕುಠಾರ. ಇಲ್ಲಿ 1774ರಲ್ಲಿ ಹುಟ್ಟಿದ ಮಗುವೊಂದು ಎರಡನೆಯ ವಯಸ್ಸಿನಲ್ಲೇ ಮೈಸೂರಿನ ಅರಸನಾಯಿತು. ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಬರೆದಿರುವಂತೆ, ಹೈದರ್ ಅಲಿ ಅರಸು ಮನೆತನಗಳ ಮಕ್ಕಳನ್ನು ಒಂದು ಹಜಾರದಲ್ಲಿ ಸೇರಿಸಿ, ನೆಲದ ಮೇಲೆ ಹಣ್ಣು, ಮಿಠಾಯಿ, ಆಟಿಕೆ, ಆಯುಧಗಳನ್ನು ಹರಡಿಸಿದನಂತೆ. ಈ ಮಗು ಒಂದು ಕೈಯಲ್ಲಿ ಪುಟ್ಟ ಬಾಕನ್ನೂ ಇನ್ನೊಂದರಲ್ಲಿ ನಿಂಬೆಹಣ್ಣನ್ನೂ ಹಿಡಿಯಿತು. ಇವನೇ ರಾಜ ಎಂದು ಹೈದರ್ ತೀರ್ಮಾನಿಸಿಬಿಟ್ಟ.

ಕಥೆಯೇನೋ ಸೊಗಸಾಗಿದೆ. ಆದರೆ ಒಂದೇ ಸಲ ಮಾಡಿದ ಪ್ರಯೋಗವನ್ನು ವಿಜ್ಞಾನ ಒಪ್ಪುವುದಿಲ್ಲ. ಹೊಳೆಯುವ ವಸ್ತುವಿಗೆ ಕೈಚಾಚದ ಮಗು ಎಲ್ಲಿದೆ? ಆ ಖಾಸಾ ಚಾಮರಾಜ ಒಡೆಯರು 1796ರಲ್ಲಿ ತೀರಿಕೊಳ್ಳುವವರೆಗೂ ಹೆಸರಿಗಷ್ಟೇ ಅರಸರು. ಮಗು ಏನನ್ನು ಹಿಡಿಯಿತೆಂಬುದು ಗ್ರಂಥದಲ್ಲಿ ಉಳಿಯಿತು. ಆಮೇಲೆ ಅದನ್ನು ಹೇಗೆ ಬೆಳೆಸಿದರೆಂಬುದು ಆ ಕಥೆಗೆ ಬೇಕಾಗಲಿಲ್ಲ.

ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು. 1799ರಲ್ಲಿ ಐದರ ಹರೆಯದಲ್ಲಿ ಪಟ್ಟಕ್ಕೇರಿದರು. ಅರಮನೆಯಲ್ಲಿ ಅಜ್ಜಿ ಲಕ್ಷ್ಮಮ್ಮಣ್ಣಿ, ಆಡಳಿತಕ್ಕೆ ದಿವಾನ್ ಪೂರ್ಣಯ್ಯ. ತಂದೆಯ ನೆನಪಿಗಾಗಿ ಅರಿಕುಠಾರಕ್ಕೆ ಚಾಮರಾಜನಗರವೆಂದು ಹೆಸರಿಟ್ಟವರು ಇವರೇ. 1831ರಲ್ಲಿ ಬ್ರಿಟಿಷರು ಇವರ ಕೈಯಿಂದ ಆಡಳಿತವನ್ನು ಕಿತ್ತುಕೊಂಡು, ದುಂದುಗಾರಿಕೆಯ ಆರೋಪ ಹೊರಿಸಿದರು. ಮುದ್ದಿನಿಂದ ಬೆಳೆದವನು ಕೆಟ್ಟ ಎಂದು ಇಲ್ಲಿ ಷರಾ ಬರೆಯುವುದು ಬಹಳ ಸುಲಭ. ಆದರೆ ವರ್ಷಕ್ಕೆ ಏಳು ಲಕ್ಷ ಪಗೋಡದ ಕಪ್ಪದ ಹೊರೆ, ನಗರದ ರೈತರ ದಂಗೆ, ಇವೆಲ್ಲ ಪಾಲನೆಯ ಫಲವೇ? ಶ್ರೀತತ್ತ್ವನಿಧಿಯಂಥ ಬೃಹತ್ ಗ್ರಂಥವನ್ನು ಸಿದ್ಧಪಡಿಸಿದ್ದೂ ಇದೇ ಅರಸರ ಕಾಲದಲ್ಲಿ, ಅವರ ಆಶ್ರಯದಲ್ಲಿಯೇ.

ಅವರು ದತ್ತು ಪಡೆದ ಚಾಮರಾಜೇಂದ್ರ ಒಡೆಯರು 1868ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೂ ಐದು ವರ್ಷದ ಹುಡುಗ. ಈ ಬಾರಿ ಬ್ರಿಟಿಷರು ಪಾಲನೆಯನ್ನು ತಮ್ಮ ಸೇನಾಧಿಕಾರಿಗಳಿಗೇ ಒಪ್ಪಿಸಿದರು. ಅವರಲ್ಲಿ ಕರ್ನಲ್ ಮ್ಯಾಲೆಸನ್ ಒಬ್ಬರು. ಮಗುವನ್ನು ಯಾರು ಬೆಳೆಸಬೇಕೆಂಬುದು ರಾಜಕೀಯದ ಪ್ರಶ್ನೆಯೂ ಆಗಿತ್ತೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಇಲ್ಲಿ ಮನೋವಿಜ್ಞಾನದ ಮಾತೊಂದನ್ನು ಹೇಳಬೇಕು. 1960ರ ದಶಕದಲ್ಲಿ ಅಮೆರಿಕದ ಡಯಾನಾ ಬೌಮ್ರಿಂಡ್ ಶಿಶುವಿಹಾರದ ಮಕ್ಕಳನ್ನೂ ಅವರ ತಂದೆತಾಯಿಯರನ್ನೂ ಅಧ್ಯಯನ ಮಾಡಿ ಪಾಲನೆಯನ್ನು ಮೂರು ಬಗೆಯಾಗಿ ವಿಂಗಡಿಸಿದರು: ಹೇಳಿದ್ದನ್ನು ಕೇಳು ಎನ್ನುವುದು, ಕೇಳಿದ್ದನ್ನೆಲ್ಲ ಕೊಡುವುದು, ನಿಯಮವಿಟ್ಟು ಅದರ ಕಾರಣವನ್ನೂ ಅಕ್ಕರೆಯಿಂದ ತಿಳಿಸುವುದು. ಮೂರನೆಯ ಬಗೆಯ ಮನೆಗಳ ಮಕ್ಕಳಲ್ಲಿ ಆತ್ಮವಿಶ್ವಾಸವೂ ಸಂಯಮವೂ ಹೆಚ್ಚಾಗಿ ಕಂಡವು. ಯಾವುದು ಕಾರಣ, ಯಾವುದು ಪರಿಣಾಮ ಎಂಬ ವಾದ ಇನ್ನೂ ಮುಗಿದಿಲ್ಲ. ಶಾಂತ ಸ್ವಭಾವದ ಮಗು ತಂದೆತಾಯಿಯರನ್ನೇ ಮೃದುಗೊಳಿಸಬಹುದಲ್ಲವೇ?

ಈ ಮೂರನೆಯ ಬಗೆಗೆ ನಮ್ಮಲ್ಲಿ ಸಮೀಪದ ಉದಾಹರಣೆಯೆಂದು ನನಗೆ ತೋರುವುದು ನಾಲ್ವಡಿ ಕೃಷ್ಣರಾಜ ಒಡೆಯರದು. 1894ರ ಡಿಸೆಂಬರ್‌ನಲ್ಲಿ ಕಲ್ಕತ್ತದಲ್ಲಿ ತಂದೆ ಚಾಮರಾಜೇಂದ್ರರು ತೀರಿಕೊಂಡಾಗ ಅವರಿಗೆ ಹತ್ತು ವರ್ಷ. ತಾಯಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿ 1902ರವರೆಗೆ ಸಂಸ್ಥಾನವನ್ನು ನಡೆಸಿದರು. ಬ್ರಿಟಿಷ್ ಅಧಿಕಾರಿ ಸ್ಟುವರ್ಟ್ ಫ್ರೇಸರ್ ಪಾಠ ಹೇಳಿದರು. ಶಿಸ್ತು ಅವರದು, ಮಮತೆ ತಾಯಿಯದು ಎಂದು ಗೆರೆ ಕೊರೆಯುವುದು ಸರಿಯಲ್ಲ; ರಾಜ್ಯವಾಳಿದ ತಾಯಿಗೆ ಶಿಸ್ತು ಹೊಸದಲ್ಲ. ಹಿಂದಿನ ಇಬ್ಬರು ಬಾಲರಾಜರಿಗೂ ಇವರಿಗೂ ನನಗೆ ಕಾಣುವ ವ್ಯತ್ಯಾಸವೆಂದರೆ, ಇಲ್ಲಿ ಅಧಿಕಾರದಲ್ಲಿದ್ದವರು ಹೆತ್ತ ತಾಯಿಯೇ. ಪಾಠವನ್ನು ಒಂಟಿಯಾಗಿ ಕಲಿಸಲಿಲ್ಲ ಎಂಬುದೂ ಮುಖ್ಯ. ಜೊತೆಯಲ್ಲಿ ಓದಿದ ಹುಡುಗರಲ್ಲಿ ಮಿರ್ಜಾ ಇಸ್ಮಾಯಿಲ್ ಒಬ್ಬ. ರಾಜನಿಗಿಂತ ಕೆಲವು ತಿಂಗಳು ದೊಡ್ಡವನಾದ ಆ ಸಹಪಾಠಿ 1926ರಲ್ಲಿ ಅದೇ ರಾಜನ ದಿವಾನನಾದ. 1940ರಲ್ಲಿ ಒಡೆಯರು ತೀರಿಕೊಂಡಾಗಲೂ ದಿವಾನಗಿರಿ ಅವನದೇ ಆಗಿತ್ತು.