ಹೃದಯ ವೈಫಲ್ಯದ ಔಷಧಿಗಳು: ದೇಹದ ಪ್ರತಿಕ್ರಿಯೆಗೆ ಹಾಕುವ ಕಡಿವಾಣ

ಹೃದಯ ವೈಫಲ್ಯವೆಂದರೆ ಬಡಿತ ನಿಂತುಹೋಗುವುದಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಹೃದಯವು ಹೊರದೂಡಲಾರದೆ ಹೋಗುವ ಸ್ಥಿತಿ. ಎಡ ಹೃತ್ಕುಕ್ಷಿಯು ತನ್ನೊಳಗೆ ತುಂಬಿದ ರಕ್ತದಲ್ಲಿ ಎಷ್ಟು ಪಾಲನ್ನು ಪ್ರತಿ ಬಡಿತಕ್ಕೆ ಹೊರಹಾಕುತ್ತದೆ ಎಂಬ ಅಳತೆಗೆ ‘ಇಜೆಕ್ಷನ್ ಫ್ರಾಕ್ಷನ್’ ಎಂದು ಹೆಸರು; ಅದು ಶೇ. 40 ಅಥವಾ ಅದಕ್ಕಿಂತ ಕಡಿಮೆಯಿರುವ ಬಗೆಯಷ್ಟೇ ಇಲ್ಲಿನ ಚರ್ಚೆಯ ವಸ್ತು. ದುರ್ಬಲ ಹೃದಯಕ್ಕೆ ಬಲ ತುಂಬುವುದೇ ಚಿಕಿತ್ಸೆಯೆಂದು ಸಹಜವಾಗಿ ತೋರಿದರೂ, ಈ ಬಗೆಯಲ್ಲಿ ಆಯುಷ್ಯವನ್ನು ಹೆಚ್ಚಿಸಿದ ಔಷಧಿಗಳಲ್ಲಿ ಬಹುಪಾಲು ದೇಹವು ಆತ್ಮರಕ್ಷಣೆಗೆಂದು ಹೂಡುವ ಪ್ರತಿಕ್ರಿಯೆಯನ್ನೇ ತಡೆಯುತ್ತವೆ.

ರಕ್ತದ ಹರಿವು ಕಡಿಮೆಯಾದಾಗ, ಅದಕ್ಕೆ ಕಾರಣ ರಕ್ತಸ್ರಾವವೋ ಹೃದಯದ ನಿಶ್ಶಕ್ತಿಯೋ ಎಂಬುದನ್ನು ಮೂತ್ರಪಿಂಡ ಗುರುತಿಸಲಾರದು. ಅದು ಸ್ರವಿಸುವ ರೆನಿನ್ ಎಂಬ ಕಿಣ್ವದಿಂದ ಆರಂಭವಾಗುವ ಸರಣಿಯಲ್ಲಿ ಎಸಿಇ ಎಂಬ ಇನ್ನೊಂದು ಕಿಣ್ವವು ಆಂಜಿಯೋಟೆನ್ಸಿನ್-2 ಅನ್ನು ಉಂಟುಮಾಡುತ್ತದೆ. ಇದು ರಕ್ತನಾಳಗಳನ್ನು ಕುಗ್ಗಿಸುವುದಲ್ಲದೆ, ಉಪ್ಪು ಮತ್ತು ನೀರನ್ನು ದೇಹದಲ್ಲಿ ಉಳಿಸುವ ಆಲ್ಡೋಸ್ಟೆರೋನ್ ಹಾರ್ಮೋನನ್ನೂ ಬಿಡುಗಡೆ ಮಾಡಿಸುತ್ತದೆ. ಜೊತೆಗೆ ನರವ್ಯೂಹವು ನಾರ್‌ಅಡ್ರಿನಲಿನ್ ಮೂಲಕ ಬಡಿತವನ್ನು ಏರಿಸುತ್ತದೆ. ಗಾಯಗೊಂಡವನನ್ನು ಕೆಲವು ಗಂಟೆ ಉಳಿಸಬಲ್ಲ ಈ ವ್ಯವಸ್ಥೆಯು ತಿಂಗಳುಗಟ್ಟಲೆ ಮುಂದುವರಿದರೆ ಹೃದಯ ಹಿಗ್ಗಿ, ಅದರ ಸ್ನಾಯುವಿನಲ್ಲಿ ನಾರಿನಂಶ ಬೆಳೆಯುತ್ತದೆ.

ಈ ಸರಣಿಯನ್ನು ಮೊದಲು ತುಂಡರಿಸಿದವು ಎಸಿಇ ಪ್ರತಿಬಂಧಕಗಳು. ಬ್ರೆಜಿಲ್‌ನ ಜರರಾಕಾ ಹಾವಿನ ವಿಷದಲ್ಲಿದ್ದ ಪೆಪ್ಟೈಡ್‌ಗಳ ಅಧ್ಯಯನವು ಕ್ಯಾಪ್ಟೊಪ್ರಿಲ್ ರೂಪುಗೊಳ್ಳಲು ದಾರಿಯಾಯಿತು. ಅದೇ ವರ್ಗದ ಎನಾಲಪ್ರಿಲ್ ಅನ್ನು ತೀವ್ರ ಸ್ಥಿತಿಯ 253 ರೋಗಿಗಳಲ್ಲಿ ಪರೀಕ್ಷಿಸಿದ, 1987ರಲ್ಲಿ ಪ್ರಕಟವಾದ ಕನ್ಸೆನ್ಸಸ್ ಅಧ್ಯಯನದಲ್ಲಿ ಆರು ತಿಂಗಳೊಳಗಿನ ಸಾವು ಶೇ. 44ರಿಂದ ಶೇ. 26ಕ್ಕೆ ಇಳಿಯಿತು. ಆದರೆ ಎಸಿಇ ಕಿಣ್ವವು ಬ್ರಾಡಿಕೈನಿನ್ ಎಂಬ ವಸ್ತುವನ್ನೂ ಒಡೆಯುವುದರಿಂದ, ಅದನ್ನು ತಡೆದಾಗ ಬ್ರಾಡಿಕೈನಿನ್ ಸಂಗ್ರಹವಾಗಿ ಕೆಲವರಿಗೆ ಒಣಕೆಮ್ಮು ಕಾಡುತ್ತದೆ. ಸರಣಿಯ ಕೊನೆಯ ಕೊಂಡಿಯಾದ ಆಲ್ಡೋಸ್ಟೆರೋನನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್, 1999ರ ರೇಲ್ಸ್ ಅಧ್ಯಯನದಲ್ಲಿ ಸಾವಿನ ಅಪಾಯವನ್ನು ಶೇ. 30ರಷ್ಟು ತಗ್ಗಿಸಿತು, ಅದು ಪೊಟ್ಯಾಸಿಯಂ ಅನ್ನು ಏರಿಸಬಲ್ಲದಾದ್ದರಿಂದ ಆಗಾಗ ರಕ್ತಪರೀಕ್ಷೆ ಅನಿವಾರ್ಯ.

ಇವುಗಳಲ್ಲಿ ಹೆಚ್ಚು ವಿರೋಧಾಭಾಸದಂತೆ ಕಂಡದ್ದು, ಹೃದಯದ ಮೇಲೆ ನಾರ್‌ಅಡ್ರಿನಲಿನ್ ಬೀರುವ ಪ್ರಭಾವವನ್ನು ತಡೆಯುವ ಬೀಟಾ ಬ್ಲಾಕರ್‌ಗಳ ಬಳಕೆ. ಹೃದಯದ ಸಂಕೋಚನವನ್ನು ಇನ್ನಷ್ಟು ಕುಗ್ಗಿಸುತ್ತವೆಂದು ವೈಫಲ್ಯದಲ್ಲಿ ನಿಷಿದ್ಧವಾಗಿದ್ದ ಇವುಗಳನ್ನು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಫಿನ್ ವಾಗ್‌ಸ್ಟೈನ್ ಮತ್ತು ಸಂಗಡಿಗರು ಏಳು ರೋಗಿಗಳಿಗೆ ಕೊಟ್ಟು, ಅವರು ಸುಧಾರಿಸಿದ್ದನ್ನು 1975ರಲ್ಲಿ ವರದಿ ಮಾಡಿದರು. 1999ರ ಎರಡು ದೊಡ್ಡ ಅಧ್ಯಯನಗಳಲ್ಲಿ ಸಾವಿನ ಅಪಾಯ ಸುಮಾರು ಮೂರನೆಯ ಒಂದರಷ್ಟು ತಗ್ಗಿತು. ಆದರೂ ಹಳೆಯ ಭಯ ಪೂರ್ತಿ ಆಧಾರರಹಿತವಲ್ಲ. ಆದ್ದರಿಂದಲೇ ಕಾರ್ವೆಡಿಲಾಲ್ ಅನ್ನು 3.125 ಮಿಲಿಗ್ರಾಂನಿಂದ ಆರಂಭಿಸಿ ಎರಡು ವಾರಗಳ ಅಂತರದಲ್ಲಿ ಹೆಚ್ಚಿಸುತ್ತಾರೆ. ಇದಕ್ಕೆ ವ್ಯತಿರಿಕ್ತವಾಗಿ, ಸಂಕೋಚನವನ್ನು ಚುರುಕುಗೊಳಿಸುವ ಮಿಲ್ರಿನೋನ್ ಗುಳಿಗೆಯನ್ನು ಸೇವಿಸಿದವರಲ್ಲಿ ಸಾವು ಶೇ. 28ರಷ್ಟು ಹೆಚ್ಚಿದ್ದುದು 1991ರಲ್ಲಿ ಬೆಳಕಿಗೆ ಬಂತು.

ಈಚಿನ ಔಷಧಿಗಳು ಈ ತರ್ಕವನ್ನು ವಿಸ್ತರಿಸಿವೆ. ಸಕ್ಯೂಬಿಟ್ರಿಲ್, ಉಪ್ಪನ್ನು ಹೊರಹಾಕಿಸುವ ಹೃದಯದ ಸ್ವಂತ ಪೆಪ್ಟೈಡ್‌ಗಳನ್ನು ಒಡೆಯುವ ಕಿಣ್ವವನ್ನು ತಡೆದರೆ, ಅದರ ಜೊತೆಗಿರುವ ವಾಲ್ಸಾರ್ಟಾನ್ ಆಂಜಿಯೋಟೆನ್ಸಿನ್‌ನ ಗ್ರಾಹಕವನ್ನು ಮುಚ್ಚುತ್ತದೆ. ಸಕ್ಕರೆ ಕಾಯಿಲೆಗೆಂದು ಬಂದ ಡಾಪಾಗ್ಲಿಫ್ಲೋಜಿನ್, ಆ ಕಾಯಿಲೆ ಇಲ್ಲದವರಿಗೂ ನೆರವಾಗುವುದು 2019ರಲ್ಲಿ ಸಿದ್ಧವಾಯಿತು. ಮೂತ್ರದಲ್ಲಿ ಸಕ್ಕರೆ, ಉಪ್ಪು ಹೊರಹೋಗುವುದಷ್ಟೇ ಅದರ ಪರಿಣಾಮವನ್ನು ಪೂರ್ತಿ ವಿವರಿಸುವುದಿಲ್ಲ. ಫ್ಯೂರೋಸೆಮೈಡ್‌ನಂತಹ ಮೂತ್ರವರ್ಧಕಗಳು ಕಾಲಿನ ಬಾವು, ಏದುಸಿರನ್ನು ಬೇಗ ತಗ್ಗಿಸುತ್ತವಾದರೂ ಮೂಲ ಸರಣಿಯನ್ನು ಮುಟ್ಟುವುದಿಲ್ಲ.

ಚೇತರಿಕೆಯ ನಂತರವೂ ಈ ಕಡಿವಾಣ ಬೇಕೇ ಎಂಬುದನ್ನು ಬ್ರಿಟನ್ನಿನ ಟ್ರೆಡ್-ಎಚ್‌ಎಫ್ ಅಧ್ಯಯನವು, ಹಿಗ್ಗಿದ ಹೃದಯ ಸಹಜ ಸ್ಥಿತಿಗೆ ಮರಳಿದ್ದ 51 ಮಂದಿಯಲ್ಲಿ ಪರೀಕ್ಷಿಸಿತು. ಹಂತಹಂತವಾಗಿ ಔಷಧಿ ನಿಲ್ಲಿಸಿದ 25 ಮಂದಿಯಲ್ಲಿ 11 ಮಂದಿಗೆ ಆರು ತಿಂಗಳೊಳಗೆ ರೋಗ ಮರುಕಳಿಸಿತು. ಮುಂದುವರಿಸಿದ 26 ಮಂದಿಯಲ್ಲಿ ಒಬ್ಬರಿಗೂ ಮರುಕಳಿಸಲಿಲ್ಲ. ಹಾಗಾಗಿ ಇಂಥ ಚೇತರಿಕೆಯನ್ನು ಗುಣವಾಯಿತೆಂದು ಎಣಿಸದೆ, ಔಷಧಿಯ ಬಲದಲ್ಲಿ ನಿಂತ ಬಿಡುವೆಂದು ಪರಿಗಣಿಸುವುದೇ ಸೂಕ್ತ.