ಗಣಕಯಂತ್ರವೂ ಹವೆಯ ಗಣಿತವೂ

ಮುಂಬರುವ ಗ್ರಹಣದ ಕಾಲವನ್ನು ವರ್ಷಗಳ ಮುಂಚೆಯೇ ನಿರ್ಣಯಿಸಬಲ್ಲ ಗಣಿತವು ನಾಳಿನ ಮಳೆಯ ವಿಷಯದಲ್ಲಿ ಬಹುಕಾಲ ಮೂಕವಾಗಿದ್ದಿತು. ಕೇರಳದ ಪರಮೇಶ್ವರನು 1431ರಲ್ಲಿ ‘ದೃಗ್ಗಣಿತ’ವನ್ನು ರಚಿಸುವ ಮುನ್ನ ಅನೇಕ ಗ್ರಹಣಗಳನ್ನು ಕಣ್ಣಾರೆ ಕಂಡು, ಪೂರ್ವಿಕರ ಲೆಕ್ಕವನ್ನು ಅವಕ್ಕೆ ಹೊಂದುವಂತೆ ತಿದ್ದಿದನು. ಗಾಳಿ ಮೋಡಗಳಿಗಾದರೋ ತಿದ್ದಲು ಲೆಕ್ಕವೇ ಇರಲಿಲ್ಲ. ವಾಯುಮಂಡಲದ ಇಂದಿನ ಸ್ಥಿತಿಯೂ ಅದರ ಚಲನೆಯ ನಿಯಮಗಳೂ ತಿಳಿದರೆ ನಾಳಿನ ಸ್ಥಿತಿಯನ್ನು ಗಣಿಸಬಹುದೆಂದು 1904ರಲ್ಲಿ ನಾರ್ವೆ ದೇಶದ ಬ್ಯರ್ಕ್ನೆಸ್ ಎಂಬ ಪಂಡಿತನು ಪ್ರತಿಪಾದಿಸಿದನು. ನಿಯಮಗಳು ತಿಳಿದಿದ್ದವು, ಸಮೀಕರಣಗಳನ್ನು ಬಿಡಿಸುವ ಬಗೆ ತಿಳಿದಿರಲಿಲ್ಲ.

ಆ ಸಾಹಸಕ್ಕೆ ಕೈಹಾಕಿದವನು ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್. ಈತನು ಯುದ್ಧವನ್ನು ಪಾಪವೆಂದೆಣಿಸುವ ಕ್ವೇಕರ್ ಪಂಥದವನು. ಆಯುಧವನ್ನು ಹಿಡಿಯಲೊಲ್ಲದೆ, ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದಿಂದ ಗಾಯಾಳುಗಳನ್ನು ಸಾಗಿಸುವ ವಾಹನದ ಸಾರಥಿಯಾದನು. ಬಿಡುವಿನ ವೇಳೆಯಲ್ಲಿ, ಚಳಿಯ ಬಿಡಾರದ ಹುಲ್ಲಿನ ರಾಶಿಯ ಮೇಲೆ ಕುಳಿತು, 1910ರ ಮೇ 20ರಂದು ಮಧ್ಯ ಯೂರೋಪಿನಲ್ಲಿದ್ದ ಹವೆಯನ್ನು ಕೈಲೆಕ್ಕದಿಂದ ಆರು ಗಂಟೆಗಳಷ್ಟು ಮುಂದಕ್ಕೆ ಗಣಿಸಿದನು. 1917ರಲ್ಲಿ ಹಸ್ತಪ್ರತಿಯು ಯುದ್ಧದ ಗೊಂದಲದಲ್ಲಿ ಕಳೆದು, ಕೆಲವು ತಿಂಗಳ ತರುವಾಯ ಬೆಲ್ಜಿಯಮ್ಮಿನಲ್ಲಿ ಕಲ್ಲಿದ್ದಲಿನ ರಾಶಿಯ ಕೆಳಗೆ ದೊರೆಯಿತು.

ಅಷ್ಟು ಶ್ರಮದ ಫಲವು ತಪ್ಪಾಗಿದ್ದಿತು. ವಾಯುವಿನ ಒತ್ತಡವು ಆರು ಗಂಟೆಗಳಲ್ಲಿ 145 ಮಿಲಿಬಾರ್ ಏರುವುದೆಂದು ಲೆಕ್ಕವು ಹೇಳಿತು; ವಾಸ್ತವದಲ್ಲಿ ಒತ್ತಡವು ಹೆಚ್ಚುಕಡಿಮೆ ಇದ್ದಂತೆಯೇ ಇದ್ದಿತು. ಚಂಡಮಾರುತದಲ್ಲಿಯೂ ಆಗದಂತಹ ಏರಿಕೆಯದು. ರಿಚರ್ಡ್‌ಸನ್ನನು ಅದನ್ನು ಮರೆಮಾಚದೆ 1922ರಲ್ಲಿ ಗ್ರಂಥರೂಪವಾಗಿ ಅಚ್ಚು ಹಾಕಿಸಿದನು. ವಿದ್ವತ್ತಿನ ಚರಿತ್ರೆಯಲ್ಲಿ ಇಂತಹ ಸತ್ಯಸಂಧತೆ ವಿರಳ. ಹವೆಯೊಡನೆ ಸರಿಸಮವಾಗಿ ಓಡುವ ಲೆಕ್ಕಕ್ಕೆ 64,000 ಮಂದಿ ಗಣಕರು ಬೇಕೆಂದು ಊಹಿಸಿ, ಭೂಪಟವನ್ನು ಗೋಡೆಗಳ ಮೇಲೆ ಬರೆದ ಮಹಾಭವನದಲ್ಲಿ ಅವರನ್ನು ಕೂರಿಸಿದಂತೆ ಆತನು ಅದರಲ್ಲಿ ವರ್ಣಿಸಿದನು. ‘ಗಣಕ’ನೆಂದರೆ ಸಂಸ್ಕೃತದಲ್ಲಿ ಲೆಕ್ಕಮಾಡುವವನು, ಜ್ಯೋತಿಷಿ; ಇಂಗ್ಲಿಷಿನ ‘ಕಂಪ್ಯೂಟರ್’ ಎಂಬುದೂ ಆಗ ಮನುಷ್ಯನ ಹೆಸರೇ ಆಗಿದ್ದಿತು.

ಆ ಭವನದ ಕೆಲಸವನ್ನು ಮಾಡಿದ ಯಂತ್ರವು ಹುಟ್ಟಿದುದು ಯುದ್ಧದಿಂದ. ಫಿರಂಗಿಯ ಗುಂಡಿನ ಪಥವನ್ನು ಗಣಿಸಲೆಂದು ಅಮೆರಿಕದ ಸೈನ್ಯವು ಕಟ್ಟಿಸಿದ ‘ಎನಿಯಾಕ್’ ಯಂತ್ರದಲ್ಲಿ ಸುಮಾರು 18,000 ನಿರ್ವಾತ ಕೊಳವೆಗಳಿದ್ದವು. 1950ರ ಮಾರ್ಚಿಯಲ್ಲಿ ಚಾರ್ನಿ, ಫ್ಯೋರ್ಟಾಫ್ಟ್, ವಾನ್ ನಾಯ್ಮನ್ ಮೊದಲಾದವರು ಅದರಿಂದ ಒಂದು ದಿನದ ಹವೆಯನ್ನು ಗಣಿಸಿದರು; ಲೆಕ್ಕಕ್ಕೂ ಸುಮಾರು ಒಂದು ದಿನವೇ ಹಿಡಿಯಿತು. ಯಂತ್ರದ ವೇಗವೊಂದರಿಂದಲೇ ಈ ಜಯವು ಲಭಿಸಲಿಲ್ಲ. ರಿಚರ್ಡ್‌ಸನ್ನನ ಲೆಕ್ಕವನ್ನು ಕೆಡಿಸಿದ ಕ್ಷಿಪ್ರ ತರಂಗಗಳನ್ನು ಸೋಸಿ, ಹೊನಲನ್ನು ಮಾತ್ರ ಉಳಿಸುವಂತೆ ಚಾರ್ನಿಯು ಸಮೀಕರಣವನ್ನು ಸರಳಗೊಳಿಸಿದ್ದನು. ಆಗಿನ್ನೂ ಬದುಕಿದ್ದ ರಿಚರ್ಡ್‌ಸನ್ನನು ಫಲಿತಾಂಶಗಳನ್ನು ಕಂಡು ಅಭಿನಂದಿಸಿದನು.

ಇಷ್ಟಕ್ಕೇ ನಿಂತಿದ್ದರೆ ಯಂತ್ರವು ಲೆಕ್ಕವನ್ನು ಬೇಗ ಮಾಡಿತೆಂದಷ್ಟೇ ಹೇಳಬೇಕಾಗುತ್ತಿದ್ದಿತು. 1961ರಲ್ಲಿ ಎಡ್ವರ್ಡ್ ಲೊರೆಂಜನು ಒಂದು ಲೆಕ್ಕವನ್ನು ಪುನಃ ನಡೆಸುವಾಗ 0.506127 ಎಂಬುದರ ಬದಲಿಗೆ 0.506 ಎಂದು ಯಂತ್ರಕ್ಕೆ ಉಣಿಸಿದನು. ಅತ್ಯಲ್ಪವಾದ ಆ ಭೇದವು ಬೆಳೆಬೆಳೆದು ಎರಡು ಹವೆಗಳು ಪರಸ್ಪರ ಸಂಬಂಧವೇ ಇಲ್ಲದಂತಾದವು. ನಿಯಮಗಳು ತಿಳಿದಿದ್ದರೂ ಮುನ್ನೋಟಕ್ಕೆ ಎಲ್ಲೆಯುಂಟೆಂಬುದನ್ನು ಆತನು 1963ರಲ್ಲಿ ಪ್ರಕಟಿಸಿದನು. ಹವಾಮಾನ ಶಾಲೆಗಳು ಈಗ ಒಂದೇ ದಿನವನ್ನು ತುಸುತುಸು ಬೇರೆಯಾದ ಆರಂಭಗಳಿಂದ ಹಲವು ಬಾರಿ ಗಣಿಸಿ, ಮಳೆಯ ಸಂಭವವು ನೂರಕ್ಕೆ ಇಷ್ಟೆಂದು ಹೇಳುವುದು ಈ ಕಾರಣದಿಂದಲೇ.

ಇದಕ್ಕಿಂತಲೂ ಗಹನವಾದುದು ಮತ್ತೊಂದು. ಗಾಳಿಯಲ್ಲಿಯ ಇಂಗಾಲಾಮ್ಲವು ಇಮ್ಮಡಿಯಾದರೆ ಏನಾಗುವುದೆಂದು 1967ರಲ್ಲಿ ಮನಾಬೆ, ವೆದರಾಲ್ಡ್ ಇವರು ಯಂತ್ರದಿಂದ ಗಣಿಸಿದರು. ನೆಲದ ಉಷ್ಣತೆಯು ಎರಡು ಡಿಗ್ರಿ ಸೆಲ್ಸಿಯಸ್ಸಿಗಿಂತ ತುಸು ಹೆಚ್ಚಾಗಿ ಏರುವುದೆಂಬ ಉತ್ತರವು ಬಂದಿತು. ಇರುವ ಭೂಮಿ ಒಂದೇ; ಅದರ ಮೇಲೆ ಈ ಪ್ರಯೋಗವನ್ನು ಮಾಡಿ ನೋಡುವಂತಿಲ್ಲ. ಹಾಗಾದರೆ ‘ಸಿಮ್ಯುಲೇಷನ್’ ಎಂದು ಕರೆಯುವ ಈ ಅನುಕೃತಿಯು ಯಾವ ಪ್ರಮಾಣ? ಪ್ರತ್ಯಕ್ಷವಂತೂ ಅಲ್ಲ, ಆ ಭೂಮಿಯನ್ನು ಯಾರೂ ಕಂಡಿಲ್ಲ. ಅನುಮಾನವೆನ್ನೋಣವೆಂದರೆ, ಅಡುಗೆಮನೆಯಲ್ಲಿ ಹೊಗೆಯನ್ನೂ ಬೆಂಕಿಯನ್ನೂ ಒಡನೆ ಕಂಡವನು ಬೆಟ್ಟದ ಹೊಗೆಯಿಂದ ಬೆಂಕಿಯನ್ನು ಊಹಿಸುವನು; ಇಲ್ಲಿ ಆ ಅಡುಗೆಮನೆಯೇ ಇಲ್ಲ. ಬಿಡಿಬಿಡಿಯಾದ ನಿಯಮಗಳೆಲ್ಲವೂ ಪರೀಕ್ಷಿತವಾದುವು. ಅವು ಕೂಡಿದಾಗ ಒದಗುವ ಫಲವನ್ನು ಮಾತ್ರ ಲೆಕ್ಕ ಮುಗಿಯುವವರೆಗೆ ಯಾವ ತಾರ್ಕಿಕನೂ ಅರಿಯಲಾರನು. ನೈಯಾಯಿಕರು ಎಣಿಸಿದ ನಾಲ್ಕು ಪ್ರಮಾಣಗಳಲ್ಲಿ ಇದಕ್ಕೆ ಸುಲಭವಾಗಿ ಎಡೆ ದೊರೆಯದು.

ಆದರೂ ದೃಕ್ಕಿನ ಪರೀಕ್ಷೆಯು ತಪ್ಪಲಿಲ್ಲ. ಕೆಳಗಣ ಗಾಳಿಯು ಕಾಯುವಾಗ ಮೇಲಣ ಸ್ತರವು ತಣ್ಣಗಾಗುವುದೆಂದೂ 1967ರ ಆ ಲೆಕ್ಕವು ಹೇಳಿದ್ದಿತು. ಸೂರ್ಯನ ತಾಪವೇ ಹೆಚ್ಚಿದ್ದಲ್ಲಿ ಎರಡೂ ಕಾಯಬೇಕಾಗಿದ್ದಿತು. ಬಲೂನುಗಳೂ ಉಪಗ್ರಹಗಳೂ ಮುಂದಣ ದಶಕಗಳಲ್ಲಿ ಅಳೆದು ನೋಡಿದಾಗ ನೆಲವು ಕಾಯುತ್ತಿದ್ದಿತು, ಮೇಲಣ ಸ್ತರವು ತಣಿಯುತ್ತಿದ್ದಿತು. ಮನಾಬೆಗೆ 2021ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕದ ಪಾಲು ಸಂದಿತು. ಆಗ ಆತನಿಗೆ ತೊಂಬತ್ತು ವಯಸ್ಸು.