ಹುಳುಗಳ ಕುಲನಿರ್ಣಯ

ನಮ್ಮ ಕನ್ನಡದಲ್ಲಿ 'ಹುಳು' ಎಂಬ ಮಾತಿನ ಹೊಟ್ಟೆ ಬಹಳ ದೊಡ್ಡದು. ಹಾಸನ ತಾಲ್ಲೂಕಿನ ದುದ್ದದಲ್ಲಿ ಹದಮಳೆ ಬಿದ್ದ ಮೇಲೆ ಹೊಲದ ಬದುವಿನ ಮೇಲೆ ನಡೆದು ನೋಡಿ. ಮಣ್ಣಿನಿಂದ ಮೇಲೆದ್ದದ್ದು ಎರೆಹುಳು, ಬೇಲಿಗೆ ಅಂಟಿದ್ದು ಬಸವನಹುಳು, ಸೊಪ್ಪು ಕತ್ತರಿಸುತ್ತಿರುವುದು ಕಂಬಳಿಹುಳು. ಇರುಳಿನಲ್ಲಿ ಹೆಸರೆತ್ತಬಾರದೆಂದು ಹಾವನ್ನು ಕೂಡ ಹಿರಿಯರು 'ಹುಳ' ಎನ್ನುವುದುಂಟು. ಇದನ್ನು ಹಳ್ಳಿಗರ ಅಜ್ಞಾನವೆಂದು ನಗುವವರಿಗೆ ನಾನು ಹೇಳುವುದಿಷ್ಟೆ: ಯೂರೋಪಿನ ಮಹಾಪಂಡಿತ ಲಿನೀಯಸನೂ 1758ರಲ್ಲಿ ಹೆಚ್ಚುಕಡಿಮೆ ಇದನ್ನೇ ಮಾಡಿದ.

ಆತ ಪ್ರಾಣಿಪ್ರಪಂಚವನ್ನು ಆರು ವರ್ಗಗಳಾಗಿ ವಿಂಗಡಿಸಿದ. ಬೆನ್ನೆಲುಬಿದ್ದವುಗಳಿಗೆ ನಾಲ್ಕು ವರ್ಗ. ಇಲ್ಲದವುಗಳಿಗೆ ಎರಡೇ, ಕೀಟ ಮತ್ತು ಹುಳು. ಕೀಟಗಳ ಪಂಕ್ತಿಯಲ್ಲಿ ಜೇನ್ನೊಣದೊಡನೆ ಜೇಡ, ಚೇಳು, ಏಡಿ, ಜರಿಗಳನ್ನೂ ಕೂರಿಸಿದ. ಎರೆಹುಳು, ಬಸವನಹುಳು, ನಕ್ಷತ್ರಮೀನು, ಹವಳ ಮೊದಲಾದ ಮಿಕ್ಕವೆಲ್ಲ 'ಹುಳು'ಗಳಾದವು. ಮೊದಲನೆಯ ಗುಂಪನ್ನು ಕಟ್ಟುವಾಗ ಆತ ಕಣ್ಣಿಟ್ಟು ನೋಡಿದ್ದಾನೆ. ಎರಡನೆಯದು ಉಗ್ರಾಣದ ಕತ್ತಲೆಯ ಮೂಲೆ.

ಆ ಮೂಲೆಯನ್ನು ಗುಡಿಸಿದವನು ಲಮಾರ್ಕ್. ಸಸ್ಯಶಾಸ್ತ್ರದಲ್ಲಿ ಹೆಸರಾಗಿದ್ದ ಆತನಿಗೆ 1793ರಲ್ಲಿ, ಐವತ್ತರ ಅಂಚಿನಲ್ಲಿ, ಪ್ಯಾರಿಸಿನ ಸಂಗ್ರಹಾಲಯದವರು ಕೀಟ ಹಾಗೂ ಹುಳುಗಳ ಪೀಠವನ್ನು ವಹಿಸಿದರು. 1801ರ ಹೊತ್ತಿಗೆ ಬೆನ್ನೆಲುಬಿಲ್ಲದ ಪ್ರಾಣಿಗಳ ಮೇಲೆ ಗ್ರಂಥವನ್ನೇ ಬರೆದ. ಏಡಿಯ ಬಳಗವನ್ನೂ ಜೇಡನ ಬಳಗವನ್ನೂ ಕೀಟಗಳಿಂದ ಬಿಡಿಸಿದ. ಆತನ ಸಹೋದ್ಯೋಗಿ ಕುವಿಯೇ ಮಾತ್ರ ಎರೆಹುಳುವಿನ ಮೈಯೂ ಕೀಟದ ಮೈಯೂ ಉಂಗುರ ಉಂಗುರವಾಗಿರುವುದನ್ನು ಕಂಡು, 1817ರಲ್ಲಿ ಎರಡನ್ನೂ ಒಂದೇ ಶಾಖೆಗೆ ಸೇರಿಸಿದ. ಕೀಲುಗಾಲುಗಳೇ ಮುಖ್ಯವೆಂದು ಬಗೆದು ಕೀಟ, ಜೇಡ, ಏಡಿಗಳಿಗೆ ಪ್ರತ್ಯೇಕ ಹೆಸರಿಟ್ಟವನು ಜರ್ಮನಿಯ ಫಾನ್ ಸೀಬೋಲ್ಡ್, 1848ರಲ್ಲಿ. ನಮ್ಮ ಪಠ್ಯಗಳ 'ಸಂಧಿಪದಿ' ಆ ಹೆಸರಿನ ಅನುವಾದ. (ಕಾಲೆಣಿಸುವುದು ನಮಗೇನೂ ಹೊಸದಲ್ಲ, ದುಂಬಿಗೆ ಷಟ್ಪದಿಯೆಂಬ ಹೆಸರು ಬಂದದ್ದೇ ಆರು ಕಾಲುಗಳಿಂದ.)

ಇವುಗಳ ಒಳಗಿನ ಬಾಳು ನಿಜಕ್ಕೂ ಬೇರೆ ಬೇರೆ. ಎರೆಹುಳುವಿಗೆ ಗಟ್ಟಿ ಕವಚವಿಲ್ಲ; ಒದ್ದೆಚರ್ಮದಿಂದಲೇ ಉಸಿರಾಟ; ಬಿಸಿಲಿಗೆ ಸಿಕ್ಕಿತೋ, ಸತ್ತಿತು. ಆದರೆ ಅದರ ರಕ್ತ ನಮ್ಮದರಂತೆ ಕೆಂಪು, ನಾಳಗಳೊಳಗೇ ಹರಿಯುತ್ತದೆ. ಏಡಿಯ ರಕ್ತವಾದರೋ ನಾಳ ಬಿಟ್ಟು ಅಂಗಗಳ ನಡುವೆ ಹರಿಯುತ್ತದೆ. ಅದರಲ್ಲಿ ಪ್ರಾಣವಾಯುವನ್ನು ಹೊರುವುದು ಕಬ್ಬಿಣವಲ್ಲ, ತಾಮ್ರ. ಬಸವನಹುಳು ಚಿಪ್ಪಿನ ಅಂಚಿಗೆ ಹೊಸ ಪದರ ಸೇರಿಸುತ್ತ, ಹುಟ್ಟಿದ ಮನೆಯನ್ನೇ ಕೊನೆಯವರೆಗೂ ಹೊರುತ್ತದೆ. ಸಂಧಿಪದಿಗೆ ಆ ಭಾಗ್ಯವಿಲ್ಲ. ಅದರ ಕವಚ ಬೆಳೆಯದು. ಅದನ್ನು ಒಡೆದು ಹೊರಬಂದು, ಹೊಸದು ಗಟ್ಟಿಯಾಗುವವರೆಗೆ ಮೆತ್ತಗೆ ಅಡಗಿರಬೇಕು. ರೇಷ್ಮೆಹುಳು ಹೀಗೆ ನಾಲ್ಕು ಸಲ ಪೊರೆ ಕಳಚುತ್ತದೆ. ನಮ್ಮ ಸಾಕಣೆಗಾರರು ಇದಕ್ಕೆ 'ಜ್ವರ' ಎನ್ನುತ್ತಾರೆ. ಹುಳುವಿನ ವಯಸ್ಸನ್ನೇ ಜ್ವರಗಳಲ್ಲಿ ಎಣಿಸುತ್ತಾರೆ. ಇಷ್ಟು ಕಷ್ಟಪಟ್ಟರೂ ಲಾಭವುಂಟು: ಕವಚ ನೀರನ್ನು ಹಿಡಿದಿಡುತ್ತದೆ, ಕೀಲುಗಾಲು ಒಣನೆಲದಲ್ಲಿ ನಡೆಸುತ್ತದೆ. ಇದುವರೆಗೆ ಹೆಸರಿಟ್ಟ ಪ್ರಾಣಿಜಾತಿಗಳಲ್ಲಿ ಐದರಲ್ಲಿ ನಾಲ್ಕು ಪಾಲು ಸಂಧಿಪದಿಗಳೇ.

ಇವೆರಡರ ನಡುವೆ ನಿಂತಂತಿರುವ ಒಂದು ಜೀವಿಯನ್ನು ವೆಸ್ಟ್ ಇಂಡೀಸಿನಲ್ಲಿ ಕಂಡ ಪಾದ್ರಿ ಗಿಲ್ಡಿಂಗ್, 1826ರಲ್ಲಿ ಅದನ್ನು ಬಸವನಹುಳುವಿನ ನಂಟನೆಂದು ಬರೆದ! ಮಖಮಲ್ಲಿನಂತಹ ಮೆತ್ತನೆಯ ಮೈ, ಕೀಲಿಲ್ಲದ ಮೊಂಡುಗಾಲುಗಳು, ಪೊರೆಯನ್ನೂ ಬಿಡುತ್ತದೆ. ನಮ್ಮ ದೇಶದ ಈಶಾನ್ಯದ ಬೆಟ್ಟಗಳಲ್ಲಿ ದೊರೆತ ಇದರ ಬಂಧುವನ್ನು ಕೆಂಪ್ 1913ರಲ್ಲಿ ವರ್ಣಿಸಿದ.

ಕುವಿಯೇ ಕಟ್ಟಿದ ನಂಟು ಬಹುಕಾಲ ಬಾಳಿತು. 1997ರಲ್ಲಿ ವಿಜ್ಞಾನಿಗಳು ಜೀವಕಣದೊಳಗಿನ ಅನುವಂಶಿಕ ಬರಹವನ್ನು ಹೋಲಿಸಿ ನೋಡಿದಾಗ ಅದು ಮುರಿಯಿತು. ಸಂಧಿಪದಿಗೆ ಹತ್ತಿರದ್ದು ಉಂಗುರಮೈಯ ಎರೆಹುಳುವಲ್ಲ. ಉಂಗುರವೂ ಕಾಲೂ ಇಲ್ಲದ, ಆದರೆ ಪೊರೆ ಬಿಡುವ ದುಂಡುಹುಳುಗಳು! ಹಾಗಾಗಿ ದುದ್ದದ ಹೊಲದಲ್ಲಿ ಎರೆಹುಳುವೂ ಬಸವನಹುಳುವೂ ಈಗ ಒಂದು ಮನೆಯವು. ಗದ್ದೆಯ ಏಡಿ, ಸೊಪ್ಪಿನ ಕಂಬಳಿಹುಳು, ಬೇರಿನಲ್ಲಿ ಗಂಟು ಕಟ್ಟಿಸುವ ಕಣ್ಣಿಗೆ ಕಾಣದ ದುಂಡುಹುಳು ಇನ್ನೊಂದು ಮನೆಯವು.